ದಂಬಳದ ಮೂಲಿ ಎಣಿಸಿ ಧಾರವಾಡಕ್ಕೆ

ನಮ್ಮ ಶಿರಹಟ್ಟಿಯಲ್ಲಿ ಯಾರಾದರೂ ಧಾರವಾಡಕ್ಕೆ ಹೋಗಿ ಬಂದರೆ ಎದುರಾದವರು ಕೇಳುತ್ತಿದ್ದ ಮೊದಲ ಮಾತು, ‘ಕೆಲಸ ಆತೇನ್ರಿ?’ ಸ್ವಾತಂತ್ರ್ಯಕ್ಕೆ ಮುಂಚೆ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಪಕ್ಕದ ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿತ್ತು. ಆಮೇಲೆ ಎಲ್ಲವೂ ಧಾರವಾಡ ಜಿಲ್ಲೆಯಾಯಿತು. 1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವ ತನಕ ಕಲೆಕ್ಟರ್ ಕಚೇರಿ, ಜಿಲ್ಲಾ ಕೋರ್ಟು, ಮಕ್ಕಳ ಕಾಲೇಜು, ದೊಡ್ಡ ಸಾಹೇಬರ ಸಹಿ ಎಲ್ಲದಕ್ಕೂ ನಮ್ಮ ಹಿರಿಯರು ಧಾರವಾಡದ ಬಸ್ಸು ಹತ್ತುತ್ತಿದ್ದರು. ಬಗಲಲ್ಲಿ ಕಾಗದದ ಚೀಲ, ಅದರೊಳಗೆ ಉತಾರ, ಅರ್ಜಿ, ಮಧ್ಯಾಹ್ನಕ್ಕೆ ಎರಡು ರೊಟ್ಟಿ. ಸಂಜೆ ಮರಳಿ ಬರುವಾಗ ಲೈನ್ ಬಜಾರಿನ ಪೇಡೆಯ ಡಬ್ಬಿ ಕೈಯಲ್ಲಿದ್ದರೆ ಕೆಲಸ ಆಗಿದೆ ಎಂದೇ ಅರ್ಥ. ಸುಮ್ಮನೆ ನೋಡಲಿಕ್ಕೆಂದು ಧಾರವಾಡಕ್ಕೆ ಹೋದವರು ನಮ್ಮ ಮನೆತನದಲ್ಲಿ ಯಾರೂ ಇರಲಿಲ್ಲ.

ಹಾಗಾಗಿ 2012ರಲ್ಲಿ ಅಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ಶುರುವಾಯಿತೆಂದು ತಿಳಿದು, ‘ಎಲ್ಲಾರೂ ಕೂಡಿ ಒಮ್ಮೆ ನೋಡಿ ಬರೂಣು’ ಎಂದು ತಮ್ಮ ಹೇಳಿದಾಗ ಅವ್ವನಿಗೆ ವಿಚಿತ್ರ ಅನ್ನಿಸಿತು. ‘ಕೆಲಸ ಇಲ್ಲದ ಧಾರವಾಡಕ್ಕ ಹೋಗೂದಾ?’ ಎಂದು ಕೇಳಿದಳು. ಅಪ್ಪ ಮಾತ್ರ ಆ ಹೊತ್ತಿಗಾಗಿ ಬಹಳ ವರ್ಷ ಕಾದವರಂತೆ ಎದ್ದು ಹೋಗಿ ಒಂದು ಹಳೆಯ ನೋಟ್‌ಬುಕ್ಕು ತಂದು ಕೂತರು.

ಅಪ್ಪ ಡ್ರಾಯಿಂಗ್ ಮಾಸ್ತರರು. ಟಿ. ಪಿ. ಅಕ್ಕಿಯವರು ಗದಗಿನಲ್ಲಿ ಕಟ್ಟಿದ ವಿಜಯ ಕಲಾ ಮಂದಿರದಲ್ಲಿ ಕಲಿತವರು. ನಮ್ಮ ಕಡೆಯ ಎಷ್ಟೋ ಸಾಲೆಗಳ ಚಿತ್ರಕಲಾ ಶಿಕ್ಷಕರು ಆ ಒಂದೇ ಬಾಗಿಲಿನಿಂದ ಹೊರಬಂದವರು. ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಿಗೆ ಪಾಠಕ್ಕಿಂತ ಹೆಚ್ಚಾಗಿ ಗೋಡೆ ಬರಹ, ಗ್ಯಾದರಿಂಗಿನ ಸ್ಟೇಜು, ಪ್ರವಾಸದ ಜವಾಬ್ದಾರಿ ಬೀಳುತ್ತಿತ್ತು. ಅಪ್ಪನ ಜೊತೆ ನಾನೂ ಹೈಸ್ಕೂಲ್ ಹುಡುಗಿಯಾಗಿ ಬೆಂಗಳೂರಿನ ಕಸ್ತೂರಬಾ ರಸ್ತೆಗೆ ಹೋಗಿದ್ದೆ. ಆ ರಸ್ತೆಯ ಪುಣ್ಯ ದೊಡ್ಡದು. ಒಂದು ಕಡೆ 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯ, ಅದಕ್ಕೆ ಸೇರಿಕೊಂಡೇ ವೆಂಕಟಪ್ಪ ಚಿತ್ರಶಾಲೆ. ಮಗ್ಗುಲಲ್ಲೇ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಸರ್ ಎಂ.ವಿ. ತೀರಿಕೊಂಡ 1962ನೇ ಇಸವಿಯಲ್ಲೇ ನೆಹರೂ ಅದರ ಕಟ್ಟಡವನ್ನು ಉದ್ಘಾಟಿಸಿದರು, 1965ರಲ್ಲಿ ವಿದ್ಯುತ್ತಿನ ಗ್ಯಾಲರಿಯೊಂದಿಗೆ ಜನರಿಗೆ ತೆರೆಯಿತು. ಕಲ್ಲು, ಬಣ್ಣ, ಯಂತ್ರ ಮೂರೂ ಕೂಗಳತೆಯಲ್ಲಿ.

ಆದರೆ ನಮ್ಮನ್ನು ಇಡೀ ರಾತ್ರಿ ಬಸ್ಸಿನಲ್ಲಿ ಕುಲುಕಿಸಿ ಬೆಳಿಗ್ಗೆ ಅಲ್ಲಿಗೆ ಮುಟ್ಟಿಸಿದ್ದರು. ಇಂಜಿನ್ನುಗಳ ಹಾಲಿನಲ್ಲಿ ಹುಡುಗರು ಕಂಡಕಂಡ ಬಟನ್ನು ಒತ್ತಿ, ಚಕ್ರ ತಿರುಗಿದ್ದನ್ನು ಅರ್ಧ ನೋಡಿ, ಮುಂದಿನ ಬಟನ್ನಿಗೆ ಓಡುತ್ತಿದ್ದರು. ಅದಾದ ಮೇಲೆ ಪಕ್ಕದ ಕೆಂಪು ಕಟ್ಟಡಕ್ಕೆ ಹೋದಾಗ ಯಾರ ಕಣ್ಣೂ ಕಲ್ಲಿನ ಮೇಲೆ ನಿಲ್ಲಲಿಲ್ಲ. ನಿಂತದ್ದು ಒಂದೇ ಕಲ್ಲಿನ ಮುಂದೆ: ಆತಕೂರಿನ ಶಾಸನ. ರಾಷ್ಟ್ರಕೂಟರ ಕಾಲದ್ದು, 10ನೇ ಶತಮಾನದ ನಡುವಿನದು. ಕಾಳಿ ಎಂಬ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು ಅದು. ನಾಯಿ ಮತ್ತು ಹಂದಿ ಎದುರುಬದುರಾಗಿ ಬಿಗಿಹಿಡಿದು ನಿಂತಿವೆ. ಊರಲ್ಲಿ ಎಲ್ಲರ ಮನೆಯಲ್ಲೂ ನಾಯಿ ಇತ್ತು, ಹಂದಿ ಬೆನ್ನಟ್ಟಿದ ಕಥೆ ಇತ್ತು. ಹುಡುಗರು ಕಲ್ಲಿಗೆ ಮುಖ ಹಚ್ಚಿ ನೋಡಿದರು, ಜಗಳಾಡಿದರು, ಯಾವುದು ಮೊದಲು ಕಚ್ಚಿತು ಎಂದು ಪ್ರಶ್ನೆ ಕೇಳಿದರು. ಅಪ್ಪ ಅದನ್ನು ಮರೆಯಲಿಲ್ಲ. ಮನೆಯಿಂದ ಏನನ್ನಾದರೂ ಹೊತ್ತುಕೊಂಡು ಬಂದವನಿಗೆ ಮಾತ್ರ ಸಂಗ್ರಹಾಲಯದಲ್ಲಿ ಏನಾದರೂ ಸಿಗುತ್ತದೆ ಎಂಬುದು ಅಂದಿನಿಂದ ಅವರ ನಂಬಿಕೆಯಾಯಿತು. ನಿವೃತ್ತಿಯಾಗುವ ತನಕ ಅದನ್ನು ಮಾಡಿ ತೋರಿಸುವ ಅವಕಾಶ ಅವರಿಗೆ ಸಿಕ್ಕಿರಲಿಲ್ಲ. ಸಾಲೆಯ ಪ್ರವಾಸವೆಂದರೆ ಬಸ್ಸಿನವನ ಅವಸರ, ಮುಂದಿನ ಊರಿನ ಊಟದ ಹೊತ್ತು. ಮೊಮ್ಮಕ್ಕಳ ನೆವದಲ್ಲಿ ಈಗ ಸಿಕ್ಕಿತು.

ನಮ್ಮ ಮನೆಯ ಮಂದಿಯನ್ನು ಒಂದು ಕಡೆ ಕೂಡಿಸುವುದೇ ಒಂದು ಲೆಕ್ಕ. ಅಪ್ಪ ಅವ್ವ ಶಿರಹಟ್ಟಿಯಲ್ಲಿ. ಅಕ್ಕನನ್ನು ಕೊಟ್ಟದ್ದು ಲಕ್ಷ್ಮೇಶ್ವರಕ್ಕೆ, ನನ್ನನ್ನು ಮುಂಡರಗಿಗೆ. ತಮ್ಮ ಬೆಟಗೇರಿಯಲ್ಲಿ ಲೇಥ್ ಮಷೀನು ಇಟ್ಟುಕೊಂಡು ಪಂಪಿನ ಶಾಫ್ಟು, ಟ್ರ್ಯಾಕ್ಟರ್ ಸಾಮಾನು, ಮಗ್ಗದ ಬಿಡಿಭಾಗ ತಿರುವಿ ಕೊಡುತ್ತಾನೆ. ಲಕ್ಷ್ಮೇಶ್ವರದವರಿಗೆ ಹುಬ್ಬಳ್ಳಿ ದಾರಿ ಗುಡಗೇರಿ, ಕುಂದಗೋಳದ ಮೇಲೆ. ಮುಂಡರಗಿಯವರು ಗದಗಿಗೆ ಬಂದು ಅಣ್ಣಿಗೇರಿ ಮೇಲೆ ಹುಬ್ಬಳ್ಳಿಗೆ ಹೋಗಬೇಕು. ಶಿರಹಟ್ಟಿ ಎರಡರ ನಡುವೆ. ಒಂದೇ ಗಾಡಿ ಮಾಡಿದರೆ ಅರ್ಧ ದಿನ ಊರೂರು ಸುತ್ತಿ ಮಂದಿಯನ್ನು ಹತ್ತಿಸಿಕೊಳ್ಳುವುದರಲ್ಲೇ ಮುಗಿಯುತ್ತದೆ.

ಅದರ ಮೇಲೆ ರಜೆಗಳ ತೊಡಕು. ಪುರಾತತ್ವ ಇಲಾಖೆಯ ಸ್ಥಳ ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಊರ ಕಡೆಯ ಎಷ್ಟೋ ಸಂಗ್ರಹಾಲಯಗಳು ಸೋಮವಾರ ಮುಚ್ಚಿರುತ್ತವೆ. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯ ಸಂಗ್ರಹಾಲಯವನ್ನೂ ನೋಡಬೇಕೆಂಬುದು ಅಪ್ಪನ ಹಟ. ಅದಕ್ಕೆ ಕಚೇರಿ ದಿನವೇ ಬೇಕು, ರವಿವಾರ ನಡೆಯದು, ಎರಡನೆಯ ಶನಿವಾರವೂ ನಡೆಯದು. ಮಕ್ಕಳಿಗೆ ಸಾಲೆ ತಪ್ಪಬಾರದು ಎಂದು ನಮ್ಮನೆಯವರು. ಅವ್ವನಿಗೆ ಮೊಣಕಾಲು ನೋವು, ಬ್ಯಾಸಗಿ ಆಗದು. ಎಲ್ಲವನ್ನೂ ಕಳೆದು ಉಳಿದದ್ದು ಚಳಿಗಾಲದ ಒಂದು ಶನಿವಾರ, ಅದೂ ಅಮಾಸೆ ಜಾತ್ರೆ ಇಲ್ಲದ್ದು. ಅಪ್ಪ ನೋಟ್‌ಬುಕ್ಕಿನಲ್ಲಿ ವಾರಗಳ ಚೌಕ ಹಾಕಿ ಒಂದೊಂದಕ್ಕೂ ಗೆರೆ ಎಳೆಯುತ್ತ ಇದನ್ನು ಕಂಡುಹಿಡಿದರು. ಈ ಲೆಕ್ಕದಲ್ಲಿ ಮಕ್ಕಳೂ ಕೂತಿದ್ದರು. ದೊಡ್ಡವರು ಇಷ್ಟು ಶ್ರದ್ಧೆಯಿಂದ ಒಂದು ದಿನವನ್ನು ಹುಡುಕುತ್ತಿದ್ದಾರೆ ಎಂದರೆ ಅಲ್ಲಿ ಏನೋ ಇದೆ ಎಂಬ ಆಸೆ ಅವರಲ್ಲಿ ಅಲ್ಲೇ ಹುಟ್ಟಿತು.

ಆಮೇಲೆ ಅಪ್ಪ ತಮ್ಮ ಷರತ್ತು ಹೇಳಿದರು. ‘ಮೊದಲ ದಂಬಳ, ಲಕ್ಕುಂಡಿ. ಅವು ಆದ ಮ್ಯಾಲೆ ಧಾರವಾಡ.’

ತಮ್ಮ ಒಪ್ಪಲಿಲ್ಲ. ‘ಅಪ್ಪಾ, ಲಕ್ಕುಂಡಿ ಎಲ್ಲಿ ಓಡಿ ಹೋಗ್ತೇತಿ? ಹುಡುಗರಿಗೆ ಸಾಯನ್ಸ್ ತೋರಸೂಣು ಅಂದ್ರ ನೀವು ಗುಡಿ ಅಂತೀರಿ.’

‘ಗುಡಿ ತೋರ್ಸಾಕಲ್ಲಪಾ. ನಿನ್ನ ಮಷೀನಿನ ಕೆಲಸ ಅಲ್ಲೆ ಐತಿ, ಬಂದು ನೋಡು. ಲೆಕ್ಕಾ ಅಲ್ಲೆ ಐತಿ. ಅದನ್ನ ನೋಡಿ ಕೇಳೂ ಮಾತು ಒಂದೊಂದು ತಯಾರ್ ಮಾಡ್ಕೊರಿ. ಕೈ ಬೀಸಕೊಂಡು ಹೋದ್ರ ಅಲ್ಲೆ ಬಟನ್ ಒತ್ತಿ ಬರ್ತೀರಿ, ಅಷ್ಟ.’

ದಂಬಳ ಮುಂಡರಗಿ ತಾಲ್ಲೂಕಿನದು, ಗದಗಿನಿಂದ ಸುಮಾರು 20 ಕಿ.ಮೀ. ನಾನು ಗಂಡನ ಮನೆಯಿಂದ ತವರಿಗೆ ಓಡಾಡುವಾಗ ಎಷ್ಟೋ ಸಲ ಅದರ ಹತ್ತಿರದಿಂದ ಹಾದು ಹೋದವಳು. ಒಂದು ಕಾಲಕ್ಕೆ ಅದು ದೊಡ್ಡ ಪಟ್ಟಣ, ಧರ್ಮವೊಳಲು ಎಂಬ ಹೆಸರು. 1095ರ ಶಾಸನ ಅಲ್ಲಿ ಬೌದ್ಧ ವಿಹಾರವಿದ್ದುದನ್ನು, ತಾರಾದೇವಿಯ ಪೂಜೆ ನಡೆಯುತ್ತಿದ್ದುದನ್ನು ಹೇಳುತ್ತದೆ. ಈಗ ನೋಡುವವರು ಬರುವುದು ದೊಡ್ಡಬಸಪ್ಪನ ಗುಡಿಗೆ. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯ ಗರ್ಭಗುಡಿ ಹೊರಗಿನಿಂದ ಚೌಕವೂ ಅಲ್ಲ, ದುಂಡೂ ಅಲ್ಲ. ಗೋಡೆ ಚೂಪು ಚೂಪಾಗಿ ಮುಂದೆ ಬಂದು ಹಿಂದೆ ಸರಿದು, ಮತ್ತೆ ಮುಂದೆ ಬಂದು ನಕ್ಷತ್ರವಾಗಿ ಸುತ್ತುತ್ತದೆ. ಆ ಮೂಲೆಗಳು ಗೋಡೆಯಲ್ಲಿ ನಿಲ್ಲದೆ ಶಿಖರದ ತನಕ ಏರುತ್ತವೆ.

ಅಪ್ಪ ಮಕ್ಕಳಿಗೆ ಮೊದಲು ಎಣಿಸಲು ಹಚ್ಚಿದರು. ನನ್ನ ಮಗಳು ಒಂದು ಸುತ್ತು ಎಣಿಸಿದಳು, ಅಕ್ಕನ ಮಗ ಇನ್ನೊಂದು ಲೆಕ್ಕ ತಂದ. ಮುಂದಿನ ಮಂಟಪ ಬಂದು ಕೂಡುವ ಕಡೆ ಕೆಲವು ಮೂಲೆ ಒಳಗೆ ಮುಚ್ಚಿಹೋಗಿವೆ, ಅವನ್ನೂ ಸೇರಿಸಬೇಕು ಎಂದರು ಅಪ್ಪ. ಹಾಗೆ ಸೇರಿಸಿದರೆ 24. ಇಪ್ಪತ್ತನಾಲ್ಕು ಮೂಲೆ ಹೇಗೆ ಹುಟ್ಟಿದವು? ಮಕ್ಕಳು ಒಂದೊಂದು ಊಹೆ ಹೇಳಿದರು. ಅವ್ವ ಅಲ್ಲಿಯ ತನಕ ಕಟ್ಟೆಯ ಮೇಲೆ ಕೂತು ಕಾಲು ತಿಕ್ಕಿಕೊಳ್ಳುತ್ತಿದ್ದವಳು ಎದ್ದು ಬಂದು ಗೋಡೆಯ ಬುಡವನ್ನು ನೋಡಿ ಅಂದಳು: ‘ಅಂಗಳದಾಗ ಎಂಟು ಮೂಲಿ ರಂಗೋಲಿ ಹಾಕೂದಿಲ್ಲೇನ ನಾ? ಒಂದ್ ಚೌಕ, ಅದರ ಮ್ಯಾಲ ಸೊಟ್ಟ ಮಾಡಿ ಇನ್ನೊಂದ್ ಚೌಕ. ಇದೂ ಹಂಗ. ಚೌಕ ಹೆಚ್ಚ ಕೂಡಸ್ಯಾರ, ಅಷ್ಟ.’

ಅಪ್ಪ ಅವ್ವನ ಮುಖ ನೋಡಿದ ರೀತಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಅವರು ನೋಟ್‌ಬುಕ್ಕಿನಲ್ಲಿ ಕೈವಾರ ಹಿಡಿದು ಬಿಡಿಸಿಟ್ಟುಕೊಂಡು ಬಂದದ್ದನ್ನು ಆಕೆ ಬರಿಗಣ್ಣಿನಿಂದ ಹೇಳಿದ್ದಳು. ಒಂದು ಚೌಕಕ್ಕೆ ನಾಲ್ಕು ಮೂಲೆ. ಆರು ಚೌಕಗಳನ್ನು ಒಂದೇ ನಡುಬಿಂದುವಿನ ಮೇಲೆ ಇಟ್ಟು, ಪ್ರತಿಯೊಂದನ್ನೂ ಹಿಂದಿನದಕ್ಕಿಂತ 15 ಡಿಗ್ರಿ ಹೊರಳಿಸಿದರೆ 24 ಮೂಲೆಗಳ ನಕ್ಷತ್ರ ಸಿಗುತ್ತದೆ. ಗುಡಿಯ ಸ್ಥಪತಿಗೆ ಬೇಕಾದದ್ದು ಒಂದು ಗೂಟ, ಒಂದು ಹಗ್ಗ, ಹಗ್ಗವನ್ನು ಸಮನಾಗಿ ಮಡಚುವ ಬುದ್ಧಿ. ಅಪ್ಪ ಗುಡಿಯ ಹೊರಗಿನ ಮಣ್ಣಿನಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿದರು, ಅವ್ವ ರಂಗೋಲಿಯ ಕೈಯಿಂದ ಮಣ್ಣಿನ ಮೇಲೆ ಗೆರೆ ಎಳೆದಳು, ಮಕ್ಕಳು ಮೂಲೆಗೊಂದು ಹರಳು ಇಟ್ಟರು. ಅಷ್ಟು ದಿನ ಡ್ರಾಯಿಂಗು ಅಪ್ಪನದು, ರಂಗೋಲಿ ಅವ್ವನದು ಎಂದು ನಮ್ಮ ಮನೆಯಲ್ಲಿ ಎರಡು ಬೇರೆ ವಿದ್ಯೆಗಳಿದ್ದವು. ಅಪ್ಪನದಕ್ಕೆ ಸರ್ಟಿಫಿಕೇಟು ಇತ್ತು, ಪಗಾರ ಇತ್ತು. ಅವ್ವನದು ದಿನಾ ಬೆಳಿಗ್ಗೆ ಹುಟ್ಟಿ ಮಧ್ಯಾಹ್ನಕ್ಕೆ ಕಾಲಡಿ ಅಳಿಸಿ ಹೋಗುತ್ತಿತ್ತು.

ಲಕ್ಕುಂಡಿಯಲ್ಲಿ ಸರದಿ ತಮ್ಮನದು. ಗದಗಿನಿಂದ 12 ಕಿ.ಮೀ. ದೂರದ ಈ ಊರಿಗೆ ನೂರಾ ಒಂದು ಗುಡಿ, ನೂರಾ ಒಂದು ಬಾವಿ ಎಂಬ ಮಾತಿದೆ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇಲ್ಲಿದೆ. ಪೊನ್ನನ ಶಾಂತಿಪುರಾಣವನ್ನು ಸಾವಿರ ಓಲೆಪ್ರತಿ ಬರೆಯಿಸಿ ಹಂಚಿದ ಮಹಾತಾಯಿ ಆಕೆ. ಅಚ್ಚಿನ ಮಷೀನುಗಳಿಂದ ಹೆಸರಾದ ಗದಗಿನ ಪಕ್ಕದಲ್ಲೇ, ಅಚ್ಚು ನಮ್ಮ ನಾಡಿಗೆ ಬರುವ ಎಷ್ಟೋ ಶತಮಾನ ಮೊದಲು ಇಂಥದ್ದೊಂದು ನಡೆಯಿತು ಎಂಬುದು ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನಿಸುವ ಸಂಗತಿ. ಅಕ್ಕ ಮಕ್ಕಳಿಗೆ ಅತ್ತಿಮಬ್ಬೆಯ ಕಥೆ ಹೇಳುತ್ತ ಮುಂದೆ ನಡೆದಳು. ತಮ್ಮ ಮಾತ್ರ ಕಾಶಿವಿಶ್ವೇಶ್ವರನ ಗುಡಿಯ ಕಂಬದ ಹತ್ತಿರ ನಿಂತುಬಿಟ್ಟ.

ಆ ಗುಡಿಯಲ್ಲಿ ಶಿವನಿಗೊಂದು, ಸೂರ್ಯನಿಗೊಂದು ಎದುರುಬದುರು ಗರ್ಭಗುಡಿಗಳಿವೆ. ಬಾಗಿಲುವಾಡದ ಕೆತ್ತನೆ ನೋಡಲು ಜನ ಬರುತ್ತಾರೆ. ತಮ್ಮನಿಗೆ ಅದು ಕಾಣಲೇ ಇಲ್ಲ. ಕರ್ರಗೆ ಹೊಳೆಯುವ ಕಂಬದ ಕೊರಳಿನ ಮೇಲೆ ಬೆರಳಿನ ಉಗುರು ಆಡಿಸಿದ, ಸುತ್ತು ಬಂದ, ಬಗ್ಗಿ ಕೆಳಗಿನಿಂದ ನೋಡಿದ. ‘ಅಕ್ಕಾ, ಇದು ಕಡದದ್ದಲ್ಲ. ತಿರವಿದ್ದು. ಗೆರಿ ನೋಡಿಲ್ಲೆ, ಒಂದರ ಮಗ್ಗಲ ಒಂದು, ಎಲ್ಲೂ ಸೊಟ್ಟ ಇಲ್ಲ. ನಮ್ಮ ಜಾಬ್ ಮ್ಯಾಲೆ ಟೂಲ್ ಆಡಿದ್ರ ಹಿಂಗ ಗೆರಿ ಬೀಳ್ತೇತಿ.’ ಅವನು ಹೇಳಿದ್ದು ವಿದ್ವಾಂಸರೂ ಒಪ್ಪಿದ ಮಾತು. ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿಗೆ ಬಂದ ಮೇಲೆ ಈ ಕೆಲಸ ಸಾಧ್ಯವಾಯಿತು. ಗಣಿಯಿಂದ ತೆಗೆದಾಗ ಮೆತ್ತಗಿರುವ ಕಲ್ಲು, ಗಾಳಿ ಬಿಸಿಲಿಗೆ ಬರುಬರುತ್ತ ಗಟ್ಟಿಯಾಗುತ್ತದೆ. ಸಣ್ಣ ಉಳಿಗೆ ಬಗ್ಗುತ್ತದೆ, ತಿರುಗಿಸಿದರೆ ಸೀಳುವುದಿಲ್ಲ, ತಿಕ್ಕಿದರೆ ಕನ್ನಡಿಯಂತೆ ಹೊಳಪು ಕೊಡುತ್ತದೆ. ಒಂದು ಕಂಬದಷ್ಟು ಭಾರದ ಕಲ್ಲನ್ನು ನಡುಬಿಂದು ತಪ್ಪದಂತೆ ತಿರುಗಿಸಬೇಕಾದರೆ ಹೇಗೆ ಕಟ್ಟಿರಬೇಕು, ಎಷ್ಟು ಮಂದಿ ಹಗ್ಗ ಎಳೆದಿರಬೇಕು, ಉಳಿಯನ್ನು ಯಾವುದಕ್ಕೆ ಆನಿಸಿ ಹಿಡಿದಿರಬೇಕು ಎಂದು ತಮ್ಮ ಮಧ್ಯಾಹ್ನದ ಊಟದ ತನಕ ಮಾತಾಡಿದ. ತನ್ನ ಕಸುಬಿನ ಹಿರಿಯರನ್ನು ಒಂಬೈನೂರು ವರ್ಷ ಹಿಂದೆ ಹೋಗಿ ಕಂಡು ಬಂದವನ ಹಾಗಿದ್ದ.

ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿಯ ಮೆಟ್ಟಿಲನ್ನು ಅವ್ವ ಇಳಿಯಲಿಲ್ಲ, ಮೇಲೆಯೇ ನಿಂತು ಗೋಡೆಯ ಪುಟ್ಟ ಗೂಡುಗುಡಿಗಳಿಗೆ ಕೈಮುಗಿದಳು. ಅಲ್ಲಿಯ ಪ್ರಾಚ್ಯವಸ್ತು ಸಂಗ್ರಹಾಲಯವನ್ನೂ ನೋಡಿದೆವು. ಈಚೆಗೆ, 2024ರ ನವೆಂಬರಿನಲ್ಲಿ, ಲಕ್ಕುಂಡಿಯ ಮನೆ, ಕೇರಿ, ಹಿತ್ತಲಲ್ಲಿ ಬಿದ್ದಿದ್ದ ಮೂರ್ತಿ, ಶಾಸನ, ಕಂಬದ ತುಂಡುಗಳನ್ನು ಸಂಗ್ರಹಿಸುವ ಅಭಿಯಾನ ನಡೆಯಿತು. ಬಯಲು ಸಂಗ್ರಹಾಲಯ ಮಾಡುವ ಉದ್ದೇಶದಿಂದ ಊರಿನವರು ತಾವೇ ಎತ್ತಿ ಕೊಟ್ಟರು. ಆ ಸುದ್ದಿ ಕೇಳಲು ಅಪ್ಪ ಇರಬೇಕಿತ್ತು.

ಧಾರವಾಡದ ದಿನಕ್ಕೆ ಅಪ್ಪ ಬರೆದ ಕ್ರಮವನ್ನು ನಾನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದರಲ್ಲಿ ಅವರ ಮಾಸ್ತರಿಕೆಯ ಅನುಭವವೆಲ್ಲ ಇತ್ತು. ಬೆಟಗೇರಿಯವರೂ ನಮ್ಮನೆಯವರೂ ಅಣ್ಣಿಗೇರಿ ದಾರಿಯಲ್ಲಿ ಒಂದು ಗಾಡಿ; ಶಿರಹಟ್ಟಿ, ಲಕ್ಷ್ಮೇಶ್ವರದವರು ಕುಂದಗೋಳದ ದಾರಿಯಲ್ಲಿ ಬಾಡಿಗೆ ಟ್ರ್ಯಾಕ್ಸು; ಹುಬ್ಬಳ್ಳಿಯಲ್ಲಿ ಚಹಾಕ್ಕೆ ಕೂಡುವುದು. ಮೊದಲು ವಿಶ್ವವಿದ್ಯಾಲಯದ ಕಲ್ಲುಗಳು, ಕಣ್ಣು ತಾಜಾ ಇರುವಾಗ, ತಾಸಿಗಿಂತ ಹೆಚ್ಚಿಲ್ಲ. ಆಮೇಲೆ ಗಿಡದ ನೆರಳಲ್ಲಿ ಬುತ್ತಿ. ಉಂಡ ಮೇಲೆ ವಿಜ್ಞಾನ ಕೇಂದ್ರ. ಅಲ್ಲಿ ಕೈಗೆ ಕೆಲಸ ಇರುವುದರಿಂದ ನಿದ್ದೆ ಬರುವುದಿಲ್ಲ. ಅವ್ವ ಕೂಡಲು ಮಡಚುವ ಕುರ್ಚಿ ಒಂದು. ಮಕ್ಕಳಿಗೆ ಒಬ್ಬರಿಗೊಂದು ಸಣ್ಣ ವಹಿ, ಪೆನ್ಸಿಲ್. ವಹಿಯ ಮೊದಲ ಪುಟದಲ್ಲಿ ತಮ್ಮದೇ ಒಂದು ಪ್ರಶ್ನೆ ಬರೆದಿರಬೇಕು, ಇಲ್ಲದಿದ್ದರೆ ಗಾಡಿ ಹತ್ತುವ ಹಾಗಿಲ್ಲ. ಈ ಕಟ್ಟಳೆ ದೊಡ್ಡವರಿಗೂ ಇತ್ತು.

ನಾನು ಹಿಂದಿನ ರಾತ್ರಿಯೇ ಮಗಳೊಂದಿಗೆ ತವರಿಗೆ ಬಂದಿದ್ದೆ. ಅದಕ್ಕೊಂದು ಕಾರಣ ಮಾಗಡಿ ಕೆರೆ. ಶಿರಹಟ್ಟಿಯಿಂದ ಎಂಟು ಕಿ.ಮೀ., ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಗೇ ಸಿಗುತ್ತದೆ. ಚಳಿಗಾಲದಲ್ಲಿ ಅಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಇಳಿಯುತ್ತವೆ. ಬೆಳ್ಳಗಿನ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಧ್ಯ ಏಷ್ಯಾದಿಂದ ಹೊರಟು, ಹಿಮಾಲಯವನ್ನು ದಾಟಿ, ನಮ್ಮ ಶೇಂಗಾ ಹೊಲಗಳಿಗೆ ಬರುವ ಹಕ್ಕಿಗಳು. ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ದೂರದವರಿಗೂ ಅದರ ಹೆಸರು ಗೊತ್ತಾಯಿತು. ಆಗಿನ್ನೂ ಅದು ನಮ್ಮ ಸೀಮೆಯ ಕೆರೆ, ಅಷ್ಟೇ. ಟ್ರ್ಯಾಕ್ಸನ್ನು ಏರಿಯ ಮೇಲೆ ನಿಲ್ಲಿಸಿ ನೋಡಿದೆವು. ನೂರಾರು ಹಕ್ಕಿ ಒಟ್ಟಿಗೆ ಮಾತಾಡುವ ಗದ್ದಲ. ಮಗಳು ವಹಿ ತೆರೆದು ಅಲ್ಲೇ ಬರೆದಳು: ‘ಇಷ್ಟು ಭಾರದ ಹಕ್ಕಿ ಅಷ್ಟು ಎತ್ತರದ ಗಾಳಿಯಲ್ಲಿ ಉಸಿರು ಹೇಗೆ ಎಳೆಯುತ್ತದೆ?’ ಅಕ್ಕನ ಮಗನದು ಬೇರೆ. ಅವನ ಊರು ಹಳೆಯ ಪುಲಿಗೆರೆ. ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ ಹೆಸರಿಸಿದ ಊರು. ಸೋಮೇಶ್ವರನ ಗುಡಿಯ ಆವರಣದಲ್ಲಿ ಶಾಸನಗಳ ನಡುವೆಯೇ ಆಡಿ ಬೆಳೆದ ಹುಡುಗ. ಆದರೂ ಒಂದು ಅಕ್ಷರ ಓದಲು ಬಾರದು ಎಂಬ ಸಿಟ್ಟು ಅವನಿಗೆ. ‘ನಮ್ಮ ಊರ ಕನ್ನಡ ನನಗ್ಯಾಕ ಓದಾಕ ಬರೂದಿಲ್ಲ?’ ಎಂದು ಬರೆದಿದ್ದ.

ಅವನ ಪ್ರಶ್ನೆಗೆ ಮೊದಲು ಉತ್ತರ ಸಿಕ್ಕಿತು. ಕನ್ನಡ ಸಂಶೋಧನಾ ಸಂಸ್ಥೆ 1939ರಲ್ಲಿ ಮುಂಬಯಿ ಸರ್ಕಾರದ ಕಾಲದಲ್ಲಿ ಧಾರವಾಡದಲ್ಲಿ ಆರಂಭವಾದದ್ದು. ಆರ್. ಎಸ್. ಪಂಚಮುಖಿಯವರಂಥವರು ಉತ್ತರ ಕರ್ನಾಟಕದ ಊರೂರು ತಿರುಗಿ ಶಾಸನಗಳ ಅಚ್ಚು ತೆಗೆದು ಓದಿದರು. ಅಲ್ಲಿಯ ವೀರಗಲ್ಲು, ಶಾಸನ, ಮೂರ್ತಿಗಳ ಸಾಲಿನಲ್ಲಿ ಅಪ್ಪ ಎಲ್ಲವನ್ನೂ ತೋರಿಸಲಿಲ್ಲ. ಒಂದು ಶಾಸನದ ಮುಂದೆ ಹುಡುಗನನ್ನು ಕೂಡಿಸಿ, ‘ಅ’ದಿಂದ ಶುರು ಮಾಡಬೇಡ, ‘ರ’ ಹುಡುಕು ಎಂದರು. ಸುಲಭದ ದುಂಡು ಅಕ್ಷರ. ಅದು ಸಿಕ್ಕ ಮೇಲೆ ಪಕ್ಕದ್ದು, ಪಕ್ಕದ್ದು ಸಿಕ್ಕ ಮೇಲೆ ಅದರ ಮಗ್ಗುಲಿನದು. ತಾಸಿನೊಳಗೆ ಹುಡುಗ ಕೆಲವು ಅಕ್ಷರಗಳನ್ನು ತನ್ನ ವಹಿಯಲ್ಲಿ ನೋಡಿ ಬಿಡಿಸಿಕೊಂಡ. ಡ್ರಾಯಿಂಗ್ ಮಾಸ್ತರರು ಶಾಸನ ಕಲಿಸಿದ ಬಗೆ ಅದು: ಓದುವ ಮೊದಲು ಬಿಡಿಸು.

ಬುತ್ತಿಯ ವಿಷಯ ಬಿಡಲಾರೆ. ಅವ್ವ ಕಡಕ್ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರನ್ನದ ಬುತ್ತಿ ತಂದಿದ್ದಳು. ಅಕ್ಕ ಶೇಂಗಾ ಹೋಳಿಗೆ. ಕೆಲಸವಿಲ್ಲದೆ ಧಾರವಾಡಕ್ಕೆ ಬಂದ ನಮ್ಮ ಮನೆಯವರು ಗಿಡದ ಕೆಳಗೆ ಪಂಕ್ತಿ ಹಾಕಿ ಉಂಡೆವು. ಅವ್ವ ಆ ದಿನ ಉಂಡಷ್ಟು ಸಂತೋಷವಾಗಿ ಹೊರಗೆಲ್ಲೂ ಉಂಡದ್ದನ್ನು ನಾನು ಕಂಡಿಲ್ಲ.

ವಿಜ್ಞಾನ ಕೇಂದ್ರದಲ್ಲಿ ಮಕ್ಕಳು ಓಡಿದರು, ಬಟನ್ನನ್ನೂ ಒತ್ತಿದರು. ಓಡಲಿ ಎಂದು ಅಪ್ಪ ಸುಮ್ಮನಿದ್ದರು. ಆದರೆ ಓಡುವುದರ ನಡುವೆ ಅವರು ನಿಲ್ಲುತ್ತಿದ್ದರು, ಅದೇ ವ್ಯತ್ಯಾಸ. ತಿರುಗುವ ಚಕ್ರ ಅಲುಗದೆ ನಿಲ್ಲುವುದನ್ನು ನೋಡಿ ತಮ್ಮ ಲಕ್ಕುಂಡಿಯ ಕಂಬವನ್ನು ಎತ್ತಿದ: ಭಾರ ಹೆಚ್ಚಿದ್ದಷ್ಟೂ ಒಮ್ಮೆ ತಿರುಗಿದ್ದು ತಿರುಗುತ್ತಲೇ ಇರುತ್ತದೆ, ಹಾಗಾದರೆ ಕಲ್ಲಿನ ಭಾರವೇ ಅವರಿಗೆ ಅನುಕೂಲ ಆಗಿರಬೇಕು. ಅಲ್ಲಿದ್ದ ಮಾರ್ಗದರ್ಶಕ ಹುಡುಗನೊಬ್ಬ ಅವನ ಮಾತಿಗೆ ಸೋತು, ತನ್ನ ಬಿಡುವಿನ ಹೊತ್ತನ್ನೆಲ್ಲ ನಮ್ಮ ಜೊತೆ ಕಳೆದ. ಮಗಳು ಹೆಬ್ಬಾತಿನ ಪ್ರಶ್ನೆಯನ್ನು ಅವನಿಗೇ ಕೇಳಿದಳು. ಹಕ್ಕಿಗಳ ಪುಪ್ಪುಸಕ್ಕೆ ಗಾಳಿಚೀಲಗಳು ಕೂಡಿಕೊಂಡಿರುತ್ತವೆ, ಉಸಿರು ಎಳೆದಾಗಲೂ ಬಿಟ್ಟಾಗಲೂ ಹೊಸ ಗಾಳಿ ಪುಪ್ಪುಸದ ಮೂಲಕ ಒಂದೇ ದಿಕ್ಕಿಗೆ ಹರಿಯುತ್ತದೆ, ಈ ಹೆಬ್ಬಾತಿನ ರಕ್ತವಂತೂ ತೆಳ್ಳಗಿನ ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ ಎಂದು ಅವನು ಚಿತ್ರ ಬರೆದು ತಿಳಿಸಿದ.

ಕನ್ನಡ ಮಾತಾಡದ ಯಂತ್ರಗಳ ನಡುವೆ ಅವ್ವ ಬೇಸರಗೊಂಡಾಳು ಎಂಬ ಅಳುಕು ನನಗಿತ್ತು. ಆಕೆ ಕುರ್ಚಿ ಹಾಕಿಸಿಕೊಂಡು ಕೂತದ್ದು ಕನ್ನಡಿಗಳ ಮುಂದೆ. ಎರಡು ಕನ್ನಡಿಗಳನ್ನು ಪುಸ್ತಕದಂತೆ ತೆರೆದು ಮುಚ್ಚುವ ಹಾಗೆ ಕೂಡಿಸಿದ್ದರು. ನಡುವೆ ಏನಾದರೂ ಇಟ್ಟರೆ ಅದರ ಬಿಂಬಗಳು ಸುತ್ತಲೂ ಹಬ್ಬುತ್ತವೆ. ಅವ್ವ ತಲೆಯಿಂದ ಒಂದು ಅಬ್ಬಲಿಗೆ ಹೂವು ತೆಗೆದು ನಡುವೆ ಇಟ್ಟಳು. ಕನ್ನಡಿಯನ್ನು ಮೆಲ್ಲಗೆ ಹತ್ತಿರ ತಂದಳು. ಆರು ಹೂವು, ಎಂಟು ಹೂವು, ಹನ್ನೆರಡು. ಹನ್ನೆರಡಾದಾಗ ಮೊಮ್ಮಗಳನ್ನು ಕೂಗಿದಳು. ‘ಇನ್ನಷ್ಟು ಮುಚ್ಚಿದ್ರ ದಂಬಳ ಆಗ್ತೇತಿ ನೋಡು.’

ಮಗಳು ಕೋನದ ಲೆಕ್ಕಕ್ಕೆ ಕೂತಳು. 60 ಡಿಗ್ರಿಗೆ ಆರು, 45ಕ್ಕೆ ಎಂಟು, 30ಕ್ಕೆ ಹನ್ನೆರಡು. ಅಂದರೆ 360ನ್ನು ಕೋನದಿಂದ ಭಾಗಿಸಿದರೆ ಬರುವ ಸಂಖ್ಯೆ, ಇಟ್ಟ ಹೂವನ್ನೂ ಹಿಡಿದು. ಇಪ್ಪತ್ತನಾಲ್ಕು ಬೇಕಾದರೆ 15 ಡಿಗ್ರಿ. ದಂಬಳದ ಚೌಕವನ್ನು ಹೊರಳಿಸಿದ್ದೂ ಅಷ್ಟೇ! ಅವಳು ಚೀರಿದ ಚೀರಿಗೆ ಬೇರೆ ಊರಿನಿಂದ ಬಂದಿದ್ದ ಸಾಲೆಯ ಮಕ್ಕಳೆಲ್ಲ ಬಂದು ಮುತ್ತಿದರು. ಅವ್ವ ಅವರಿಗೆಲ್ಲ ಹೂವಿಟ್ಟು ತೋರಿಸಿದಳು. ಸಾಲೆಯ ಮೆಟ್ಟಿಲನ್ನು ನಾಲ್ಕನೆಯ ಇಯತ್ತೆಗೆ ಬಿಟ್ಟ ನನ್ನ ಅವ್ವ ಅಂದು ವಿಜ್ಞಾನ ಕೇಂದ್ರದಲ್ಲಿ ಗುರುತಿಲ್ಲದ ಮಕ್ಕಳಿಗೆ ಪಾಠ ಮಾಡಿದಳು, ಅಪ್ಪ ಅದನ್ನು ವಹಿಯಲ್ಲಿ ಸ್ಕೆಚ್ಚು ತೆಗೆದರು.

ಸಂಗ್ರಹಾಲಯ ಕಟ್ಟುವವರಿಗೆ, ಮಕ್ಕಳನ್ನು ಕರೆದೊಯ್ಯುವ ಮಾಸ್ತರರಿಗೆ ನನ್ನ ಕೋರಿಕೆ ಒಂದೇ. ನಮ್ಮ ಜಿಲ್ಲೆಯ ಹುಡುಗರು ಧಾರವಾಡಕ್ಕೋ ಬೆಂಗಳೂರಿಗೋ ಹೋಗುವ ಮೊದಲು ಅವರನ್ನು ದಂಬಳದ ಗೋಡೆಯ ಹತ್ತಿರ, ಬೆಟಗೇರಿಯ ನೇಕಾರರ ಕುಣಿಮಗ್ಗದ ಹತ್ತಿರ, ಮಾಗಡಿ ಏರಿಯ ಮೇಲೆ ಒಂದು ತಾಸು ನಿಲ್ಲಿಸಿರಿ. ಖರ್ಚು ಕಡಿಮೆ, ದಾರಿ ಹತ್ತಿರ. ಹೋಗುವ ದಿನ ಅವರ ಕೈಯಲ್ಲಿ ಕೇಳುವ ಮಾತಿರುತ್ತದೆ. ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿರಿ. ಅವರು ಬರೀ ಚೀಲ ಕಾಯುವವರಲ್ಲ.

ಬೆಟಗೇರಿಗೆ ಮರಳಿದ ಮೇಲೆ ತಮ್ಮನಿಗೆ ನಿದ್ದೆ ಇಲ್ಲ. ಯಾರಿಂದಲೋ ಒಂದು ಬಳಪದ ಕಲ್ಲಿನ ತುಂಡು ತರಿಸಿದ. ಅದನ್ನು ಲೇಥಿನ ಚಕ್ಕಿಗೆ ಕಟ್ಟಿ, ಮೆಲ್ಲಗೆ ತಿರುಗಿಸಿ ಟೂಲ್ ಕೊಟ್ಟ. ಮಕ್ಕಳೆಲ್ಲ ಬಾಗಿಲಲ್ಲಿ ನೆರೆದಿದ್ದರು. ಮೊದಮೊದಲು ದೂಳು ಎದ್ದು ಅಂಗಡಿಯೆಲ್ಲ ಬೆಳ್ಳಗಾಯಿತು. ನೀರು ಬಿಡುತ್ತ ತಿರುವಿದಾಗ ಕಲ್ಲು ಹದಕ್ಕೆ ಬಂತು, ಕೊರಳು ಮೂಡಿತು, ಲಕ್ಕುಂಡಿಯಲ್ಲಿ ಕಂಡಂಥದೇ ಗೆರೆ ಬಿತ್ತು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದರು. ಅಕ್ಕನ ಮಗ ಕೇಳಿದ: ‘ಮಾಮಾ, ಇದು ದುಂಡನ್ನ ಕಂಬಕ್ಕಾತು. ಮೂಲಿ ಮೂಲಿ ಕಂಬ ಇರ್ತಾವಲ್ಲ, ಅವನ್ನ ಹೆಂಗ ತಿರವ್ತಾರ?’

ತಮ್ಮ ಮಷೀನು ಬಂದ್ ಮಾಡಿ, ಅರಿವೆಗೆ ಕೈ ಒರೆಸಿಕೊಂಡು ಅಪ್ಪನ ಕಡೆ ನೋಡಿದ. ‘ಇಟಗಿಗೆ ಹೋಗಬೇಕು ಅದಕ್ಕ,’ ಎಂದರು ಅಪ್ಪ. ಕುಕನೂರಿನ ಹತ್ತಿರದ ಇಟಗಿಯ ಮಹಾದೇವ ದೇವಾಲಯ, 1112ರದು, ಶಾಸನದಲ್ಲೇ ‘ದೇವಾಲಯ ಚಕ್ರವರ್ತಿ’ ಎನ್ನಿಸಿಕೊಂಡದ್ದು. ಅಲ್ಲಿ ಎರಡು ತರಹದ ಕಂಬಗಳೂ ಇವೆ. ಅಪ್ಪ ನೋಟ್‌ಬುಕ್ಕು ತೆರೆದು ಮತ್ತೆ ವಾರಗಳ ಚೌಕ ಹಾಕತೊಡಗಿದರು. ಈ ಸಲ ಗೆರೆ ಎಳೆಯಲು ಪೆನ್ಸಿಲು ಹಿಡಿದು ಮಗ್ಗುಲಿಗೆ ಬಂದು ಕೂತವಳು ಅವ್ವ. ‘ಇಟಗಿಯಾಗ ಮೆಟ್ಟಲಾ ಭಾಳ ಅದಾವೇನ್ರಿ?’ ಎಂದು ಮೊದಲು ಅದನ್ನು ಕೇಳಿಕೊಂಡಳು.